ನಾನು ವಾಪಸ್ ಕಳಿಸಿದ ಕೆಂಪು

ಇದನ್ನು ಬರೆದು ಹೇಳಬೇಕೆಂದು ಹಲವು ಸಲ ಕೂತಿದ್ದೇನೆ, ಹಲವು ಸಲ ಎದ್ದು ಹೋಗಿದ್ದೇನೆ. ಕಣ್ಣಿನ ಆಪರೇಷನ್ ಹೇಗಾಯಿತು ಎಂದು ಕೇಳಿದವರಿಗೆಲ್ಲ ಆಸ್ಪತ್ರೆಯ ಕಥೆಯನ್ನು ಬಣ್ಣಿಸಿ ಹೇಳಿದ್ದೇನೆ, ಡಾಕ್ಟರನ್ನು ಹೊಗಳಿದ್ದೇನೆ. ಆಪರೇಷನ್‌ಗೆ ಮುಂಚೆ ಆ ಕಣ್ಣುಗಳನ್ನು ನಂಬಿ ನಾನು ಏನು ಮಾಡಿದೆ ಎಂಬುದನ್ನು ಮಾತ್ರ ನುಂಗಿಕೊಂಡಿದ್ದೇನೆ. ಹೆಂಡತಿಗೂ ಅರ್ಧವೇ ಗೊತ್ತು.

ಚಳ್ಳಕೆರೆಯಲ್ಲಿ ನಮ್ಮದು ರೇಷ್ಮೆ ಸೀರೆಯ ಅಂಗಡಿ. ಸೀರೆ ನೇಯುವುದು ಮೊಳಕಾಲ್ಮೂರಿನಲ್ಲಿ, ನೇಕಾರರ ಮನೆಗಳಲ್ಲಿ. ರೇಷ್ಮೆ, ಜರಿ ನಾವು ಕೊಡುತ್ತೇವೆ, ಅವರು ನೇಯ್ದು ಕೊಡುತ್ತಾರೆ. ಇವೆರಡರ ನಡುವೆ ಬಣ್ಣದವನು ಬರುತ್ತಾನೆ. ಬಿಳಿ ರೇಷ್ಮೆ ನೂಲಿನ ಲಡಿಗಳನ್ನು ಸೋಪಿನ ನೀರಿನಲ್ಲಿ ಕುದಿಸಿ ಅಂಟು ತೆಗೆದು, ತಾಮ್ರದ ಹಂಡೆಯಲ್ಲಿ ಬಣ್ಣ ಕದಡಿ, ಕೋಲಿಗೆ ಲಡಿ ಹಾಕಿ ತಿರುಗಿಸಿ ತಿರುಗಿಸಿ ಅದ್ದುವವನು ಅವನು. ಅವನ ತಂದೆ ನನ್ನ ಅಪ್ಪನ ಕಾಲದಲ್ಲಿ ನಮಗೆ ಬಣ್ಣ ಹಾಕುತ್ತಿದ್ದರು. ಅವನೂ ನಾನೂ ಹೆಚ್ಚುಕಡಿಮೆ ಒಂದೇ ವಯಸ್ಸಿನವರು. ಮೊಣಕೈವರೆಗೆ ಅವನ ಚರ್ಮ ಯಾವಾಗಲೂ ಯಾವುದೋ ಒಂದು ಬಣ್ಣದಲ್ಲಿರುತ್ತಿತ್ತು.

ಬಣ್ಣ ಒಪ್ಪುವುದಕ್ಕೆ ನಮ್ಮಲ್ಲಿ ಒಂದು ಕ್ರಮ ಇದೆ. ಒಣಗಿದ ಲಡಿಯನ್ನು ಬೆಳಗಿನ ಹೊತ್ತು ನೆರಳಿನಲ್ಲಿ, ಬಿಳಿ ಬಟ್ಟೆಯ ಮೇಲೆ ಇಟ್ಟು ನೋಡಬೇಕು. ಸಾಹುಕಾರ ನೋಡಿ "ಆತು" ಅಂದರೆ ಲಡಿ ಮಗ್ಗಕ್ಕೆ ಹೋಗುತ್ತದೆ, ಇಲ್ಲದಿದ್ದರೆ ವಾಪಸ್. ಬೇರೆ ಸಾಹುಕಾರರು ಹಳೆಯ ಲಡಿಯ ಒಂದು ಎಳೆಯನ್ನು ಮಾದರಿಗೆ ಇಟ್ಟುಕೊಂಡು, ಪಕ್ಕದಲ್ಲಿ ಹಿಡಿದು ನೋಡುತ್ತಿದ್ದರು. ನಾನು ಮಾದರಿ ಇಡುತ್ತಿರಲಿಲ್ಲ. ಒಮ್ಮೆ ನೋಡಿದ ಬಣ್ಣ ನನ್ನ ಕಣ್ಣಲ್ಲೇ ಇರುತ್ತಿತ್ತು. ಅದೇ ನನ್ನ ಹೆಸರು, ಅದೇ ನನ್ನ ಸೊಕ್ಕು. "ನಿಮ್ ಕಣ್ಣಾಗೆ ತಕ್ಕಡಿ ಐತೆ ಸಾಹುಕಾರ್ರೇ" ಎಂದು ಬಣ್ಣದವನೇ ಎಷ್ಟೋ ಸಲ ಅಂದಿದ್ದ.

ಕಾಯಿಲೆ ಶುರುವಾದದ್ದು ಕಣ್ಣಿನಿಂದಲ್ಲ. ಊಟ ಸರಿಯಾಗಿ ಮಾಡುತ್ತಿದ್ದರೂ ಮೈ ಇಳಿಯಿತು. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು, ಸೀರೆ ಮಡಿಸುವಾಗ ಬೆರಳು ನಡುಗುತ್ತಿದ್ದವು, ಚಳಿಗಾಲದಲ್ಲೂ ಫ್ಯಾನ್ ಬೇಕಾಗುತ್ತಿತ್ತು. ಚಳ್ಳಕೆರೆಯ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಥೈರಾಯ್ಡ್ ಹೆಚ್ಚಾಗಿದೆ ಎಂದು ಮಾತ್ರೆ ಬರೆದುಕೊಟ್ಟರು, ಸಿಗರೇಟು ಬಿಡಿ ಎಂದರು. ಎದೆ ಹೊಡೆತ ನಿಂತ ಮೇಲೆ ಮಾತ್ರೆಯನ್ನು ನೆನಪಾದಾಗ ನುಂಗಿದೆ. ಸಿಗರೇಟು ಬಿಡಲಿಲ್ಲ.

ಅಷ್ಟರಲ್ಲಿ ಕಣ್ಣುಗಳು ಮುಂದಕ್ಕೆ ಬರತೊಡಗಿದವು. ರೆಪ್ಪೆ ಮೇಲಕ್ಕೆ ಸರಿದು ಕರಿಗುಡ್ಡೆಯ ಸುತ್ತ ಬಿಳಿ ಕಾಣುತ್ತಿತ್ತು. ಮಲಗಿದಾಗ ಪೂರ್ತಿ ಮುಚ್ಚುತ್ತಿರಲಿಲ್ಲ, ಬೆಳಿಗ್ಗೆ ಎದ್ದರೆ ಮರಳು ಸುರಿದ ಹಾಗೆ ಉರಿ. ಟೀ ಅಂಗಡಿಯ ಮುಂದೆ ಈರುಳ್ಳಿ ದಲ್ಲಾಳಿಯೊಬ್ಬ ದಿನವೂ ಹಿಡಿದುಕೊಳ್ಳುತ್ತಿದ್ದ. "ಯಾರ್ ಮ್ಯಾಲೆ ಸಿಟ್ಟು ಸಾಹುಕಾರ್ರೇ? ನೀವು ಸುಮ್ನೆ ನೋಡಿದ್ರೂ ನಾನು ತಪ್ ಮಾಡ್ದಂಗ್ ಆಗ್ತೈತೆ!" ಎಲ್ಲರೂ ನಗುತ್ತಿದ್ದರು. ನಾನು ಕಪ್ಪು ಕನ್ನಡಕ ಹಾಕಲು ಶುರು ಮಾಡಿದೆ. ಬಣ್ಣ ನೋಡುವಾಗ ಮಾತ್ರ ತೆಗೆಯುತ್ತಿದ್ದೆ.

ಆ ಸಲ ಚಳ್ಳಕೆರೆಯ ದೊಡ್ಡ ವ್ಯಾಪಾರಿ ಮನೆತನವೊಂದು, ನಮಗೆ ದೂರದ ನೆಂಟರು, ಮಗಳ ಮದುವೆಗೆ ಕುಂಕುಮಗೆಂಪಿನ ಸೀರೆಗಳನ್ನು ಹೇಳಿದರು. ಧಾರೆಗೆ ಒಂದು, ಮನೆಯ ಹೆಂಗಸರಿಗೆ ಅದೇ ಬಣ್ಣದವು ಇನ್ನಷ್ಟು. ನಾನು ಮೊಳಕಾಲ್ಮೂರಿಗೆ ಹೋಗಿ ನಮ್ಮ ಹಿರಿಯ ನೇಕಾರನ ಮನೆಯ ಜಗಲಿಯ ಮೇಲೆ ಕೂತೆ. ಬಣ್ಣದವನು ಲಡಿಗಳನ್ನು ತಂದು ಬಿಳಿ ಬಟ್ಟೆಯ ಮೇಲೆ ಬಿಚ್ಚಿದ.

"ಇದೇನೋ, ನೀರು ಜಾಸ್ತಿ ಆತಾ?" ಎಂದೆ.

ಅವನು ನಕ್ಕ. "ತಮಾಷೆ ಮಾಡ್ತೀರಾ?"

"ತಮಾಷೆ ಏನ್ ಬಂತು? ಬಿಸಿಲಿಗೆ ಬಿದ್ದ ಇಟ್ಟಿಗೆ ಇದ್ದಂಗೈತೆ. ಕೆಂಪು ಎಲ್ಲೈತೆ ಇದ್ರಾಗೆ?"

ಅವನು ಲಡಿಯನ್ನು ಎತ್ತಿ ನೋಡಿದ. ಸುತ್ತಿ ಪಕ್ಕಕ್ಕಿಟ್ಟ. ಮದುವೆಯ ಕೆಂಪಿನ ಮೇಲೆ ಮತ್ತೆ ಬಣ್ಣ ಅದ್ದುವುದು ನಮ್ಮಲ್ಲಿ ಇಲ್ಲ. ಒಮ್ಮೆ ತಪ್ಪಿದರೆ ಆ ಲಡಿ ಬೇರೆ ಯಾವುದಕ್ಕಾದರೂ ಹೋಗಬೇಕು, ಮದುವೆಗೆ ಹೊಸ ರೇಷ್ಮೆಯೇ ಆಗಬೇಕು. ನಾನು ಹೊಸ ರೇಷ್ಮೆ ಕೊಟ್ಟು, ಆ ಲಡಿಗಳನ್ನು ಅಂಗಡಿಗೆ ತಂದು ಪೆಟ್ಟಿಗೆಗೆ ಹಾಕಿಸಿದೆ. ಹೆಂಡತಿ ಅವನ್ನು ನೋಡಿ, "ಚೆನ್ನಾಗೈತಲ್ರೀ" ಎಂದಳು. "ನೀನು ಅಡಿಗೆಮನೆ ನೋಡ್ಕ ಹೋಗು" ಎಂದೆ.

ಎರಡನೆಯ ಸಲ ಅವನು ಬಣ್ಣ ಏರಿಸಿ ತಂದ. ಅದೂ ನನಗೆ ಸಪ್ಪೆಯಾಗಿಯೇ ಕಂಡಿತು. ಆಗ ಅವನು ಮೆಲ್ಲಗೆ, "ಹಳೇ ಲಡಿದು ಒಂದ್ ಎಳೆ ಇದ್ರೆ ಕೊಡ್ರಿ ಸಾಹುಕಾರ್ರೇ, ಪಕ್ಕದಾಗ್ ಇಟ್ಕಂಡು ಅದ್ತೀನಿ" ಎಂದ.

"ಇಷ್ಟು ವರ್ಷ ಇಲ್ದಿದ್ದ ಮಾದರಿ ಈಗ್ಯಾಕೆ? ನನ್ ಕಣ್ಣೇ ಮಾದರಿ."

ಅವತ್ತು ಅಂಗಡಿಯ ಯಾವುದಾದರೂ ಹಳೆಯ ಕೆಂಪು ಸೀರೆಯಿಂದ ಒಂದು ಎಳೆ ಕಿತ್ತು ಕೊಟ್ಟಿದ್ದರೆ ಅಲ್ಲಿಗೇ ಎಲ್ಲ ತಿಳಿದುಹೋಗುತ್ತಿತ್ತು. ಹಳೆಯ ಎಳೆಯೂ ಹೊಸ ಲಡಿಯೂ ನನ್ನ ಕಣ್ಣಿಗೆ ಒಂದೇ ಥರ ಮಾಸಿ ಕಾಣುತ್ತಿದ್ದವು, ತಪ್ಪು ಎಲ್ಲಿದೆ ಎಂದು ಗೊತ್ತಾಗುತ್ತಿತ್ತು. ಕೊಡಲಿಲ್ಲ.

ಮೂರನೆಯ ಸಲ ಇನ್ನೂ ಗಾಢವಾಗಿ ಅದ್ದಿ ತಂದದ್ದು ನನಗೆ ಒಪ್ಪಿಗೆಯಾಯಿತು. "ನೋಡು, ಇದಪ್ಪಾ ಕೆಂಪು ಅಂದ್ರೆ" ಎಂದೆ. ಅವನು ಲಡಿ ನೋಡಿದ, ನನ್ನ ಮುಖ ನೋಡಿದ, ತನ್ನ ಕೈಗಳನ್ನು ತಿರುವಿ ನೋಡಿಕೊಂಡ.

"ನನಗೆ ಕರ್ರಗೆ ಕಾಣ್ತೈತೆ. ನೀವು ಕೆಂಪು ಅಂದ್ರೆ ಕೆಂಪೇ ಇರ್ಬೇಕು. ನನ್ ಕಣ್ಣೇ ಹೋತೇನೋ."

"ವಯಸ್ಸಾತು ಕಣೋ" ಎಂದು ನಾನು ನಕ್ಕೆ. ಒಳಗೆ ಮಗ್ಗದ ಮೇಲಿದ್ದ ನೇಕಾರ ಲಾಳಿ ನಿಲ್ಲಿಸಿ ಕೇಳಿಸಿಕೊಂಡಿದ್ದ. ಮೊಳಕಾಲ್ಮೂರಿನ ಬೀದಿಯಲ್ಲಿ ಅಂಥ ಮಾತು ನಡೆದುಕೊಂಡು ಹೋಗುವುದಿಲ್ಲ, ಓಡುತ್ತದೆ. ಬಣ್ಣದವನ ಕೆಂಪು ಎರಡು ಸಲ ವಾಪಸ್ ಬಂತಂತೆ ಎಂಬ ಸುದ್ದಿ ಬೇರೆ ಸಾಹುಕಾರರಿಗೂ ಮುಟ್ಟಿತು.

ಸೀರೆಗಳು ತಯಾರಾಗಿ ಚಳ್ಳಕೆರೆಗೆ ಬಂದವು. ಮದುವೆ ಮನೆಯವರು ಅಂಗಡಿಗೆ ಬಂದು ಜಮಖಾನೆಯ ಮೇಲೆ ಕೂತರು. ಧಾರೆ ಸೀರೆಯ ಮಡಿಕೆ ಬಿಚ್ಚಿದೆ. ಹುಡುಗಿಯ ಸೋದರತ್ತೆ ಸೆರಗನ್ನು ಎಳೆದು ಬೆಳಕಿಗೆ ಹಿಡಿದಳು.

"ಇದೇನ್ ಮಾವ, ಲಗ್ನಕ್ಕೆ ನಮ್ ಹುಡುಗಿಗೆ ಕರೇ ಸೀರೆ ಉಡಿಸ್ತೀರಾ?"

ನಾನು ಸೀರೆಯನ್ನು ಹೊರಗೆ ಬಾಗಿಲ ಹತ್ತಿರ ಒಯ್ದು ನೋಡಿದೆ. ನನಗೆ ಚೆಂದದ ಕುಂಕುಮಗೆಂಪಾಗಿಯೇ ಕಂಡಿತು. ಅಷ್ಟು ಜನ ಒಂದು ಹೇಳುತ್ತಿದ್ದಾರೆ, ನನ್ನ ಕಣ್ಣು ಇನ್ನೊಂದು ಹೇಳುತ್ತಿದೆ. ಆಗ ಒಂದು ಗಳಿಗೆ ನನಗೆ ನನ್ನ ಕಣ್ಣಿನ ಮೇಲೆ ಅನುಮಾನ ಬಂತು. ಇದನ್ನು ನಾನು ಯಾರಿಗೂ ಹೇಳಿಲ್ಲ. ಅನುಮಾನ ಬಂದಿತ್ತು. ಅದು ಬಂದಷ್ಟೇ ಬೇಗ ಹೆದರಿಕೆಯೂ ಬಂತು: ಸೀರೆ ಸಾಹುಕಾರನಿಗೆ ಬಣ್ಣ ಕಾಣುವುದಿಲ್ಲ ಎಂದು ಊರಿಗೆ ಗೊತ್ತಾದರೆ ಅಂಗಡಿಯ ಬಾಗಿಲು ಯಾಕೆ ತೆಗೆಯಬೇಕು?

ಬಣ್ಣದವನು ಅವತ್ತು ಬಣ್ಣದ ಪುಡಿ ಕೊಳ್ಳಲು ಚಳ್ಳಕೆರೆಗೆ ಬಂದವನು, ವಾಡಿಕೆಯಂತೆ ನಮ್ಮ ಅಂಗಡಿಗೂ ಬಂದು ಹೊಸ್ತಿಲ ಬಳಿ ನಿಂತಿದ್ದ. ನಾನು ಅವನ ಕಡೆ ತಿರುಗಿದೆ.

"ನೋಡ್ರಿ, ಇವನೇ ಬಣ್ಣ ಹಾಕಿದೋನು. ನೇಯ್ದ ಮ್ಯಾಲೆ ಬಣ್ಣ ತಿರುಗೈತೆ. ಎಂಥಾ ಪುಡಿ ಹಾಕ್ದೆಯೋ? ಕೈ ಹೋತು ನಿಂದು, ಕಣ್ಣೂ ಹೋತು!"

ಅವನು ಏನೋ ಹೇಳಲು ಬಾಯಿ ತೆರೆದ. ನಾನು ಬಿಡಲಿಲ್ಲ. ಇಲ್ಲಿಯವರೆಗೆ ಆದದ್ದಕ್ಕೆ ಕಾಯಿಲೆಯ ಮೇಲೆ ಹೊರೆ ಹಾಕಬಹುದು. ಮುಂದೆ ನಾನು ಆಡಿದ ಮಾತಿಗೆ ಯಾವ ಕಾಯಿಲೆಯೂ ಹೊಣೆಯಲ್ಲ.

"ಲಗ್ನದ ಕೆಂಪು ಅಂದ್ರೆ ಏನೂಂತ ನಿಮ್ಮೋರಿಗೆ ಏನ್ ಗೊತ್ತಾಗ್ತೈತೆ?"

ಅವನು ಪುಡಿಯ ಚೀಲ ಎತ್ತಿಕೊಂಡ.

"ನಿಮ್ ಅವ್ವಾರ ಧಾರೆ ಸೀರೆಗೆ ನಮ್ ಅಬ್ಬಾ ಬಣ್ಣ ಹಾಕಿದ್ರು, ಸಾಹುಕಾರ್ರೇ" ಎಂದ. ಅಷ್ಟೇ. ಚಪ್ಪಲಿ ಹಾಕಿಕೊಂಡು ಹೋದ.

ಮದುವೆ ಮನೆಯವರು ಸೀರೆಯನ್ನು ಬೇರೆ ಕಡೆ ಕೊಂಡರು. ನನ್ನ ಹೆಸರು ಉಳಿಯಿತು, ಬಣ್ಣದವನಿಂದ ಮೋಸ ಹೋದೆನೆಂದು ಜನ ನನಗೆ ಮರುಗಿದರು. ಮೊಳಕಾಲ್ಮೂರಿನಲ್ಲಿ ಅವನಿಗೆ ಕೆಂಪು ಕೊಡುವವರು ಇಲ್ಲವಾದರು. ಕೆಂಪು ಹಾಕದ ಬಣ್ಣದವನಿಗೆ ಉಳಿದ ಬಣ್ಣಗಳೂ ಹೆಚ್ಚು ದಿನ ಉಳಿಯುವುದಿಲ್ಲ.

ಆಮೇಲೆ ನನಗೆ ವಸ್ತುಗಳು ಎರಡೆರಡಾಗಿ ಕಾಣತೊಡಗಿದವು. ಪರಶುರಾಂಪುರದ ರಸ್ತೆಯಲ್ಲಿ ಒಂದು ಕುರಿಹಿಂಡು ಎರಡಾಗಿ ಕಂಡು, ನಡುವೆ ದಾರಿ ಇದೆಯೆಂದು ಸ್ಕೂಟರ್ ನುಗ್ಗಿಸಿದೆ. ಕುರಿಗಳ ಮೇಲೆ ಬಿದ್ದೆ. ಕುರಿಯವನು ಎಬ್ಬಿಸುತ್ತಲೇ ಬೈದ: "ಏ ಯಜಮಾನ, ಅಷ್ಟ್ ದಪ್ಪ ಕಣ್ ಇಟ್ಕಂಡು ಕುರಿ ಕಾಣಾಕಿಲ್ವಾ?" ಮಾರನೆಯ ದಿನವೇ ಹೆಂಡತಿ ನನ್ನನ್ನು ದಾವಣಗೆರೆಯ ಕಣ್ಣಿನ ಆಸ್ಪತ್ರೆಗೆ ಹೊರಡಿಸಿದಳು.

ಅಲ್ಲಿ ನೋಡಿದವರು ಹೆಣ್ಣುಮಗಳು, ಮೃದು ಮಾತಿನ ಡಾಕ್ಟರು. ಅಕ್ಷರ ಓದಿಸಿದರು. ಕಣ್ಣುಗಳು ಎಷ್ಟು ಮುಂದೆ ಬಂದಿವೆ ಎಂದು ಅಳತೆಯ ಪಟ್ಟಿ ಹಿಡಿದು ನೋಡಿದರು. ಮೇಲೆ ನೋಡಿ, ಕೆಳಗೆ ನೋಡಿ ಎಂದರು. ಮೇಲೆ ನೋಡಲು ಹೋದರೆ ಕಣ್ಣು ಏಳುತ್ತಲೇ ಇರಲಿಲ್ಲ. ಕೊನೆಗೆ ಕಣ್ಣಿಗೆ ಬಿಡುವ ಔಷಧಿಯ ಬಾಟಲಿಯೊಂದನ್ನು ಎತ್ತಿ ಹಿಡಿದರು. ಅದರ ಮುಚ್ಚಳ ಕೆಂಪು.

"ಬಲಗಣ್ಣು ಮುಚ್ಚಿ. ಯಾವ ಬಣ್ಣ?"

"ಕೆಂಪು. ಸ್ವಲ್ಪ ಮಾಸೈತೆ."

"ಈಗ ಎಡಗಣ್ಣು ಮುಚ್ಚಿ ನೋಡಿ."

ನೋಡಿದೆ. ಬಿಸಿಲಿಗೆ ಬಿದ್ದ ಇಟ್ಟಿಗೆ. "ಇದು ಬೇರೆ ಮುಚ್ಚಳ ತಗಂಡ್ರಲ್ಲ" ಎಂದೆ.

"ಅದೇ ಮುಚ್ಚಳ, ಯಜಮಾನ್ರೇ."

ನಾನು ಒಂದು ಕಣ್ಣು ಮುಚ್ಚಿ ಇನ್ನೊಂದು ತೆರೆದು, ಮತ್ತೆ ಮತ್ತೆ ನೋಡಿದೆ. ಪಕ್ಕದಲ್ಲಿದ್ದ ಹೆಂಡತಿಯನ್ನು ಕೇಳಿದೆ. "ಕುಂಕುಮದಂಗೆ ಕೆಂಪಗೈತಲ್ರೀ" ಎಂದಳು. ನಾನು ಬಾಟಲಿಯನ್ನು ಇಸಿದುಕೊಂಡು ಕೆಳಗಿಡದೆ ಹಿಡಿದುಕೊಂಡೆ. ಡಾಕ್ಟರು ಅದನ್ನು ಕಾಯಿಲೆಯ ಭಯವೆಂದುಕೊಂಡು ನೀರು ತರಿಸಿದರು.

ಸ್ಕ್ಯಾನ್ ತೆಗೆಸಿ ಪರದೆಯ ಮೇಲೆ ತೋರಿಸಿದರು. ಕಣ್ಣುಗುಡ್ಡೆ ಕೂತಿರುವುದು ಮೂಳೆಯ ಗೂಡಿನಲ್ಲಿ. ಗುಡ್ಡೆಯನ್ನು ತಿರುಗಿಸುವ ಸ್ನಾಯುಗಳು ಅದರ ಹಿಂದೆ ಇರುತ್ತವೆ. ಥೈರಾಯ್ಡ್ ಕಾಯಿಲೆಯಿಂದ ಆ ಸ್ನಾಯುಗಳು ಊದಿಕೊಂಡಿವೆ, ಕೊಬ್ಬೂ ಬೆಳೆದಿದೆ. ಮೂಳೆ ಹಿಗ್ಗುವುದಿಲ್ಲವಲ್ಲ, ಗುಡ್ಡೆ ಮುಂದಕ್ಕೆ ಬರುತ್ತದೆ. ಅದಕ್ಕಿಂತ ಕೆಟ್ಟದ್ದು ಹಿಂದೆ ನಡೆದಿದೆ: ದೃಷ್ಟಿಯ ನರ ಇಕ್ಕಟ್ಟಿಗೆ ಸಿಕ್ಕಿದೆ. ನರ ಒತ್ತಿದಾಗ ಅಕ್ಷರಕ್ಕಿಂತ ಮೊದಲು ಬಣ್ಣ ಮಾಸುವುದುಂಟು, ಅದರಲ್ಲೂ ಕೆಂಪು. ಎರಡು ಕಣ್ಣಿಗೂ ಹಿಡಿದಿದೆ, ಬಲಗಡೆ ಹೆಚ್ಚು. "ಹೀಗೇ ಬಿಟ್ಟರೆ ದೃಷ್ಟಿಯೇ ಹೋಗುತ್ತೆ" ಎಂದರು.

"ಬಣ್ಣ ಮಾಸಾಕೆ ಶುರುವಾಗಿ ಎಷ್ಟ್ ದಿನ ಆಗಿರ್ಬೋದು?" ಎಂದು ಕೇಳಿದೆ.

"ಕೆಲವು ತಿಂಗಳಾದರೂ ಆಗಿರುತ್ತೆ. ನಿಮಗೇ ಗೊತ್ತಾಗಲಿಲ್ವಾ?"

ನಾನು ಕಪ್ಪು ಕನ್ನಡಕ ಎತ್ತಿ ಹಾಕಿಕೊಂಡೆ.

ಮೊದಲು ಆಸ್ಪತ್ರೆಯಲ್ಲಿ ಮಲಗಿಸಿ ಸ್ಟೀರಾಯ್ಡ್ ಡ್ರಿಪ್ ಹಾಕಿದರು. ಸಕ್ಕರೆ ಏರಿತು, ಅದಕ್ಕೆ ಇನ್ಸುಲಿನ್. ಊತ ಇಳಿಯಿತು, ಕೆಂಪಿಗೆ ಸ್ವಲ್ಪ ಜೀವ ಬಂತು. ಡಾಕ್ಟರು ಇನ್ನೂ ಡ್ರಿಪ್ ಬಾಕಿ ಇದೆ ಎನ್ನುತ್ತಿದ್ದರು. ಮದುವೆ ಸೀಸನ್ ಎಂದು ನಾನು ಹಟ ಮಾಡಿ ಊರಿಗೆ ಬಂದೆ. ಬಂದವನು ಅಂಗಡಿಯ ಹಿತ್ತಲಿಗೆ ಹೋಗಿ ಸಿಗರೇಟು ಹಚ್ಚಿದೆ. ಕೆಲವೇ ವಾರದಲ್ಲಿ ಬಲಗಣ್ಣಿನಲ್ಲಿ ಪೇಪರಿನ ದಪ್ಪ ಅಕ್ಷರವೂ ಕರಗಿಹೋಯಿತು. ಮತ್ತೆ ದಾವಣಗೆರೆ. ಡಾಕ್ಟರ ಮಾತು ಈ ಸಲ ಮೃದುವಾಗಿರಲಿಲ್ಲ.

"ಔಷಧಿಗೆ ಕಾಯೋ ಹೊತ್ತು ಮುಗೀತು. ಗೂಡಿನ ಮೂಳೆಯ ಗೋಡೆ ತೆಗೆದು ಹಿಂದೆ ಜಾಗ ಮಾಡ್ಬೇಕು. ಆಗ ನರದ ಮೇಲಿನ ಒತ್ತಡ ಇಳಿಯುತ್ತೆ. ಎರಡೆರಡು ಕಾಣೋದು ಹೆಚ್ಚಾಗಬಹುದು, ಅದಕ್ಕೆ ಆಮೇಲೆ ಇನ್ನೊಂದು ಆಪರೇಷನ್. ದೃಷ್ಟಿ ಪೂರ್ತಿ ಬರುತ್ತೆ ಅಂತ ನಾನು ಮಾತು ಕೊಡಲ್ಲ. ಇನ್ನೊಂದು ಸಿಗರೇಟು ಸೇದಿದ್ರೆ ನನ್ನ ಹತ್ರ ಬರಬೇಡಿ."

ಹೆಂಡತಿ ಹೆದರಿದಳು. "ಕಣ್ಣಿನ ಹಿಂದಿನ ಮೂಳೆ ತೆಗೀತಾರಂತೆ, ಬ್ಯಾಡ್ರಿ. ಒಂದ್ ಕಣ್ಣಾಗಾದ್ರೂ ಕಾಣ್ತೈತಲ್ಲ, ಹೆಂಗೋ ನಡೀತೈತೆ" ಎಂದು ಅತ್ತಳು.

ನಾನು ಒಪ್ಪಿಕೊಂಡೆ. ಧೈರ್ಯದಿಂದ ಒಪ್ಪಿದೆ ಎಂದು ಎಲ್ಲರೂ ತಿಳಿದಿದ್ದಾರೆ. ಕಾರಣ ಬೇರೆ ಇತ್ತು. ಪೆಟ್ಟಿಗೆಯಲ್ಲಿದ್ದ ಆ ಮೊದಲ ಲಡಿಗಳನ್ನು ಸರಿಯಾದ ಕಣ್ಣಿನಿಂದ ಒಮ್ಮೆ ನೋಡಬೇಕಿತ್ತು. ಅವು ನಿಜವಾಗಿಯೂ ಸಪ್ಪೆಯಾಗಿಯೇ ಇರಲಿ, ಅವನದೂ ಸ್ವಲ್ಪ ತಪ್ಪಿರಲಿ ಎಂದು ಆಪರೇಷನ್ ಕೋಣೆಗೆ ಹೋಗುವಾಗಲೂ ದೇವರಲ್ಲಿ ಬೇಡಿಕೊಂಡೆ. ಕಣ್ಣು ಬರಲಿ ಎಂದು ಬೇಡಿಕೊಂಡದ್ದು ಆಮೇಲೆ.

ಪೂರ್ತಿ ಪ್ರಜ್ಞೆ ತಪ್ಪಿಸಿ ಬಲಗಣ್ಣಿಗೆ ಮೊದಲು ಮಾಡಿದರು. ಕೆಳರೆಪ್ಪೆಯ ಒಳಗಿನಿಂದಲೂ ಮೂಗಿನ ಮೂಲಕವೂ ಹೋಗಿ, ಮೂಗಿನ ಕಡೆಯ ಗೋಡೆಯನ್ನೂ ತಳದ ಸ್ವಲ್ಪ ಮೂಳೆಯನ್ನೂ ತೆಗೆದರಂತೆ. ಹೊರಗೆ ಗಾಯ ಕಾಣುತ್ತಿರಲಿಲ್ಲ. ಎಚ್ಚರವಾದಾಗ ಆ ಕಡೆಯ ಕೆನ್ನೆ, ಮೇಲಿನ ಹಲ್ಲುಗಳು ಜೋಮು ಹಿಡಿದಿದ್ದವು. ನರ್ಸ್ ಮತ್ತೆ ಮತ್ತೆ ಬಂದು ಪಟ್ಟಿ ಸರಿಸಿ ಟಾರ್ಚ್ ಬಿಟ್ಟು, "ಬೆಳಕು ಕಾಣ್ತಾ ಅಜ್ಜಾ?" ಎಂದು ಕೇಳುತ್ತಿದ್ದಳು. ಮೂಗು ಸೀಟಬಾರದು, ಬಗ್ಗಬಾರದು, ಸೀನು ಬಂದರೆ ಬಾಯಿ ತೆರೆದು ಸೀನಬೇಕು. ಕೆಲವು ವಾರ ಬಿಟ್ಟು ಎಡಗಣ್ಣಿಗೂ ಹಾಗೆಯೇ ಆಯಿತು. ಎರಡೆರಡು ಕಾಣುವುದು ಡಾಕ್ಟರು ಹೇಳಿದ ಹಾಗೆ ಹೆಚ್ಚಾಯಿತು. ತಿಂಗಳುಗಟ್ಟಲೆ ಕಾದು, ಸ್ನಾಯು ಸರಿಪಡಿಸುವ ಆಪರೇಷನ್ ಮಾಡಿಸಿಕೊಂಡೆ. ಈಗ ನೆಟ್ಟಗೆ ನೋಡಿದರೆ ಒಂದೇ ಕಾಣುತ್ತದೆ. ಓರೆಯಾಗಿ ನೋಡಿದರೆ ಈಗಲೂ ಎರಡು.

ಬಣ್ಣ ಅದಕ್ಕಿಂತ ಮುಂಚೆಯೇ ಬಂದಿತ್ತು. ಎಡಗಣ್ಣಿನ ಪಟ್ಟಿ ಬಿಚ್ಚಿಸಿಕೊಂಡು ಊರಿಗೆ ಬಂದ ಮಾರನೆಯ ಬೆಳಿಗ್ಗೆ ಹೆಂಡತಿಗೆ ಪೆಟ್ಟಿಗೆ ತೆಗೆಯಲು ಹೇಳಿದೆ. ಅವಳು ಮೊದಲ ಸಲದ ಲಡಿಗಳನ್ನು ತಂದು ನೆರಳಿನಲ್ಲಿ ಬಿಳಿ ಪಂಚೆಯ ಮೇಲೆ ಹರಡಿದಳು. ನಾನು ಜೀವಮಾನದಲ್ಲಿ ಒಪ್ಪಿದ ಕುಂಕುಮಗೆಂಪುಗಳಲ್ಲಿ ಅದಕ್ಕಿಂತ ಸರಿಯಾದದ್ದು ಇರಲಿಲ್ಲ. ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

"ಯಾಕ್ರೀ, ಕಣ್ಣಾಗೆ ನೀರು? ಡಾಕ್ಟ್ರು ಅಳಬಾರ್ದು ಅಂದಿದ್ರಲ್ಲ" ಎಂದಳು ಹೆಂಡತಿ.

"ಬೆಳಕು ಚುಚ್ಚಿತು" ಎಂದೆ.

ಎರಡೆರಡು ಕಾಣುವುದು ನಿಂತು ಮತ್ತೆ ಓಡಾಡುವಂತಾದ ಮೇಲೆ ಬಣ್ಣದವನನ್ನು ಹುಡುಕಿಕೊಂಡು ಮೊಳಕಾಲ್ಮೂರಿಗೆ ಹೋದೆ. ಬಣ್ಣದ ಮನೆಗೆ ಬೀಗ ಬಿದ್ದಿತ್ತು. ಪಕ್ಕದ ಮನೆಯ ಮುದುಕಿ ತೆಲುಗು ಬೆರೆಸಿ ಹೇಳಿದಳು: "ಎಪ್ಪುಡೋ ಹೋದ್ರಲ್ಲಪ್ಪ. ಕೆಂಪು ಕೆಡಿಸ್ದ ಅಂತ ಯಾರೂ ಕೆಲ್ಸ ಕೊಡ್ಲಿಲ್ಲ. ಚಳ್ಳಕೆರೆಯಾಗೆ ಭಾವಮೈದುನನ ಗ್ಯಾರೇಜ್ ಐತಂತೆ."

ಗ್ಯಾರೇಜ್ ನನ್ನ ಅಂಗಡಿಯಿಂದ ನಡೆದು ಹೋಗುವಷ್ಟೇ ದೂರದಲ್ಲಿತ್ತು. ಸ್ಕೂಟರಿನಲ್ಲಿ ಹೋದೆ. ಅವನು ನೆಲದ ಮೇಲೆ ಕೂತು ಒಂದು ಬೈಕಿನ ಚೈನ್ ತೊಳೆಯುತ್ತಿದ್ದ. ಮೊಣಕೈವರೆಗೆ ಕಪ್ಪು ಆಯಿಲ್. ನನ್ನನ್ನು ನೋಡಿ ಎದ್ದ, ಸ್ಟೂಲು ಒರೆಸಿ ಹಾಕಿದ.

"ಬರ್ರಿ ಸಾಹುಕಾರ್ರೇ. ಕಣ್ಣು ಈಗ ಹೆಂಗೈತೆ? ಆಪರೇಷನ್ ಆತಂತೆ, ಕೇಳ್ದೆ. ದುವಾ ಮಾಡಿದ್ವಿ."

"ವಾಸಿ" ಎಂದೆ. "ನೀನು ಮತ್ತೆ ಬಣ್ಣ ಹಾಕು ಬಾ. ನನ್ ಕೆಲ್ಸ ಎಲ್ಲಾ ನಿನಗೇ."

ಅವನು ತಲೆಯಾಡಿಸಿದ. "ಬ್ಯಾಡ್ರಿ. ಅವತ್ತು ನೀವು ಸಿಟ್ಟಿನಾಗೆ ಅಂದ್ರಿ, ಆದ್ರೆ ಮಾತು ಸರಿಯೇ ಐತೆ. ನನ್ ಕಣ್ಣು ಹೋಗೈತೆ. ನನಗೆ ಕೆಂಪು ಅನ್ಸಿದ್ದು ನಿಮಗೆ ಕೆಂಪಾಗ್ಲಿಲ್ಲ, ನಿಮಗೆ ಕೆಂಪು ಅನ್ಸಿದ್ದು ನನಗೆ ಕರ್ರಗೆ ಕಾಣ್ತು. ಅಷ್ಟರ ಮ್ಯಾಲೆ ಹಂಡೆ ಮುಂದೆ ನಿಂತ್ರೆ ಕೈ ನಡುಗ್ತೈತೆ. ಇಲ್ಲಿ ಪರವಾಗಿಲ್ಲ, ಆಯಿಲ್‌ಗೆ ಒಂದೇ ಬಣ್ಣ." ನಕ್ಕ.

ಆಗ ಹೇಳಬೇಕಿತ್ತು. ನಿನ್ನ ಕಣ್ಣು ಸರಿ ಇತ್ತು, ಹೋದದ್ದು ನನ್ನದು. ಇಷ್ಟೇ ಮಾತು. ಗ್ಯಾರೇಜಿನಲ್ಲಿ ಅವನ ಭಾವಮೈದುನ ಇದ್ದ, ಬೈಕ್ ತಂದ ಇಬ್ಬರು ಗಿರಾಕಿಗಳಿದ್ದರು, ಅವರಲ್ಲಿ ಒಬ್ಬ ನಮ್ಮ ಬೀದಿಯವನೇ. ನಾನು ಅವರ ಮುಖ ನೋಡಿದೆ. "ಸ್ಕೂಟರ್ ಬ್ರೇಕ್ ಸ್ವಲ್ಪ ಸಡಿಲ ಐತೆ, ನೋಡು" ಎಂದೆ. ಅವನು ಬಗ್ಗಿ ಬಿಗಿ ಮಾಡಿಕೊಟ್ಟ. ನಾನು ಬಂದುಬಿಟ್ಟೆ.

ಅದಾದ ಮೇಲೆ ಆ ದಾರಿಯಲ್ಲಿ ಎಷ್ಟೋ ಸಲ ಹೋಗಿದ್ದೇನೆ. ಅವನು ಕೈಯೆತ್ತಿ ಸಲಾಮ್ ಮಾಡುತ್ತಾನೆ. ಮೊಳಕಾಲ್ಮೂರಿನ ಬೀದಿಯಲ್ಲಿ ಈಗಲೂ ಹೊಸ ಬಣ್ಣದವರಿಗೆ ಅವನ ಕಥೆ ಹೇಳಿ ಹೆದರಿಸುತ್ತಾರೆ. ಅವನೂ ಅದನ್ನೇ ನಂಬಿದ್ದಾನೆ.

ಇಲ್ಲಿಯವರೆಗೆ ಅವನ ಹೆಸರು ಬರೆಯದೆ ಬಂದೆ. ಹೆಸರಿಲ್ಲದಿದ್ದರೆ ಇದು ಯಾರದೋ ಕಥೆಯಾಗಿ ಉಳಿಯುತ್ತದೆ, ನಾನು ನಾಳೆಯೂ ಅದೇ ದಾರಿಯಲ್ಲಿ ತಲೆಯಾಡಿಸಿಕೊಂಡು ಹೋಗಬಹುದು. ಹೆಸರು ಬರೆದರೆ ಚಳ್ಳಕೆರೆಯಲ್ಲಿ ಯಾರಾದರೂ ಇದನ್ನು ಗ್ಯಾರೇಜಿಗೆ ಒಯ್ದು ಅವನಿಗೆ ಓದಿ ಹೇಳುತ್ತಾರೆ. ಆಮೇಲೆ ನನಗೆ ಅವನ ಮುಂದೆ ಹೋಗಿ ನಿಲ್ಲದೆ ಬೇರೆ ದಾರಿ ಇರುವುದಿಲ್ಲ.

ಅವನ ಹೆಸರು ದಾದಾಪೀರ್.